ಅರ್ಧಕ್ಕೆ ನಿಂತ ಓದನ್ನು ಮುಗಿಸಿದ ಬ್ಯಾರಿಸ್ಟರ್ ಅಂಬೇಡ್ಕರ್

ಪಿಯುಸಿ ಮುಗಿಯುತ್ತಿದ್ದಂತೆ ಮುಂದೇನು ಎಂಬ ಪ್ರಶ್ನೆ ನಮ್ಮೆಲ್ಲರನ್ನೂ ಕಾಡುತ್ತದೆ. ಕಾನೂನು ಓದಬೇಕೆನ್ನುವವರಿಗೆ ಎಲ್ಲಿ ಓದಬೇಕು, ಎಷ್ಟು ವರ್ಷ, ಹಣ ಎಲ್ಲಿಂದ ಎಂಬ ಚಿಂತೆಯೂ ಜೊತೆಗೂಡುತ್ತದೆ. ನೂರು ವರ್ಷಗಳ ಹಿಂದೆ ಇದೇ ಚಿಂತೆಯನ್ನು ಎದುರಿಸಿ ಗೆದ್ದವರು ಡಾ. ಬಿ. ಆರ್. ಅಂಬೇಡ್ಕರ್.

ಅವರು ಹುಟ್ಟಿದ್ದು 1891ರ ಏಪ್ರಿಲ್ 14ರಂದು, ಮಧ್ಯಪ್ರದೇಶದ ಮಹೂದಲ್ಲಿ. ತಂದೆ ರಾಮಜಿ ಸೈನ್ಯದಲ್ಲಿ ಸುಬೇದಾರರಾಗಿದ್ದರು. ಶಾಲೆಯಲ್ಲಿ ಎಲ್ಲರೊಡನೆ ಕೂಡುವ, ನೀರು ಮುಟ್ಟುವ ಹಕ್ಕು ಬಾಲಕ ಭೀಮರಾಯನಿಗೆ ಇರಲಿಲ್ಲ. ಆದರೂ ಓದು ಬಿಡಲಿಲ್ಲ. 1912ರಲ್ಲಿ ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜಿನಿಂದ ಬಿ.ಎ. ಪದವಿ ಪಡೆದರು. ಬರೋಡಾದ ಮಹಾರಾಜ ಸಯಾಜಿರಾವ್ ಗಾಯಕವಾಡರ ಶಿಷ್ಯವೇತನದಿಂದ 1913ರಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯ ಸೇರಿ, 1915ರಲ್ಲಿ ಎಂ.ಎ. ಮುಗಿಸಿದರು.

1916ರಲ್ಲಿ ಲಂಡನ್ನಿಗೆ ಬಂದ ಅವರು ಎರಡು ಕಡೆ ಹೆಸರು ಹಚ್ಚಿದರು. ಅರ್ಥಶಾಸ್ತ್ರಕ್ಕೆ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್, ಬ್ಯಾರಿಸ್ಟರ್ ಪದವಿಗೆ ಗ್ರೇಸ್ ಇನ್. ಆದರೆ ಶಿಷ್ಯವೇತನದ ಅವಧಿ ಮುಗಿಯಿತು. 1917ರಲ್ಲಿ ಎರಡೂ ಓದನ್ನು ಅರ್ಧಕ್ಕೆ ನಿಲ್ಲಿಸಿ ಊರಿಗೆ ಮರಳಬೇಕಾಯಿತು. ನಾಲ್ಕು ವರ್ಷದೊಳಗೆ ಬಂದು ಓದು ಮುಂದುವರಿಸಲು ಅನುಮತಿ ಪಡೆದೇ ಹೊರಟಿದ್ದರು.

ಒಪ್ಪಂದದಂತೆ ಬರೋಡಾದಲ್ಲಿ ನೌಕರಿಗೆ ಸೇರಿದರು. ಇಷ್ಟು ಓದಿದವರಿಗೆ ಆ ಊರಿನಲ್ಲಿ ಇರಲು ಒಂದು ಮನೆ ಸಿಗಲಿಲ್ಲ! ಮುಂಬಯಿಗೆ ಮರಳಿ, 1918ರಲ್ಲಿ ಸಿಡೆನ್‌ಹ್ಯಾಂ ಕಾಲೇಜಿನಲ್ಲಿ ಪ್ರಾಧ್ಯಾಪಕರಾದರು. ಸಂಬಳದಲ್ಲಿ ಹಣ ಉಳಿಸಿದರು. ಕೊಲ್ಹಾಪುರದ ಶಾಹೂ ಮಹಾರಾಜರು ನೆರವಾದರು. ಪಾರಸಿ ಗೆಳೆಯ ನವಲ್ ಭಥೇನಾ ಸಾಲ ಕೊಟ್ಟರು. 1920ರಲ್ಲಿ ಮತ್ತೆ ಲಂಡನ್ನಿಗೆ ಹೋಗಿ, 1921ರಲ್ಲಿ ಎಂ.ಎಸ್ಸಿ., 1922ರಲ್ಲಿ ಬ್ಯಾರಿಸ್ಟರ್, 1923ರಲ್ಲಿ ಡಿ.ಎಸ್ಸಿ. ಪದವಿ ಗಳಿಸಿದರು.

1923ರಲ್ಲಿ ಮುಂಬಯಿಯಲ್ಲಿ ವಕೀಲಿ ಆರಂಭಿಸಿದರು. ವಕೀಲರಾದವರು ಯಾರ ಕೈಕೆಳಗೂ ದುಡಿಯಬೇಕಿಲ್ಲ. ಹೀಗಾಗಿ ಸಮಾಜದ ಕೆಲಸಕ್ಕೆ ಅವರಿಗೆ ಸ್ವಾತಂತ್ರ್ಯ ದೊರೆಯಿತು. 1925ರಲ್ಲಿ ನಮ್ಮ ಜಿಲ್ಲೆಯ ನಿಪ್ಪಾಣಿಗೂ ಬಂದು ದಲಿತರ ಸಮ್ಮೇಳನದ ಅಧ್ಯಕ್ಷತೆ ವಹಿಸಿದರು. 1927ರಲ್ಲಿ ಮಹಾಡದ ಚವದಾರ್ ಕೆರೆಯ ನೀರಿಗಾಗಿ ಸತ್ಯಾಗ್ರಹ ನಡೆಸಿದರು. ವಿರೋಧಿಗಳು ಕೋರ್ಟಿಗೆ ಹೋದರು. ಹತ್ತು ವರ್ಷ ನಡೆದ ಆ ವ್ಯಾಜ್ಯದಲ್ಲಿ 1937ರಲ್ಲಿ ಮುಂಬಯಿ ಹೈಕೋರ್ಟಿನ ತೀರ್ಪು ಅಂಬೇಡ್ಕರರ ಪರವಾಗಿ ಬಂತು. ಬಾಲ್ಯದಲ್ಲಿ ನೀರು ನಿರಾಕರಿಸಲ್ಪಟ್ಟವರು ನೀರಿನ ಹಕ್ಕನ್ನು ಕಾನೂನಿನಿಂದಲೇ ಗೆದ್ದರು.

1935ರಲ್ಲಿ ಮುಂಬಯಿಯ ಸರಕಾರಿ ಕಾನೂನು ಕಾಲೇಜಿನ ಪ್ರಾಚಾರ್ಯರಾದರು. 1947ರಲ್ಲಿ ಸ್ವತಂತ್ರ ಭಾರತದ ಮೊದಲ ಕಾನೂನು ಮಂತ್ರಿಯಾಗಿ, ಸಂವಿಧಾನ ಕರಡು ಸಮಿತಿಯ ಅಧ್ಯಕ್ಷರೂ ಆದರು. 1949ರ ನವೆಂಬರ್ 26ರಂದು ಸಂವಿಧಾನ ಅಂಗೀಕಾರವಾಯಿತು. ಅದರ 17ನೆಯ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿತು. 1956ರ ಡಿಸೆಂಬರ್ 6ರಂದು ಅವರು ನಿಧನರಾದರು.

ಇಂದು ಕಾನೂನು ಓದಲು ಹಡಗು ಹತ್ತಬೇಕಿಲ್ಲ. ಪಿಯುಸಿ ನಂತರ ಐದು ವರ್ಷದ ಕೋರ್ಸ್ ಇದೆ, ಪದವಿಯ ನಂತರ ಮೂರು ವರ್ಷದ ಎಲ್‌ಎಲ್‌.ಬಿ. ಇದೆ, ಆಮೇಲೆ ಎಲ್‌ಎಲ್‌.ಎಂ. ಇದೆ. ಬೆಳಗಾವಿಯ ರಾಜಾ ಲಖಮಗೌಡ ಕಾನೂನು ಕಾಲೇಜು ತುಕ್ಕಾನಟ್ಟಿಯವರಿಗೆ ದೂರವೇನಲ್ಲ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯ ಐದು ವರ್ಷದ ಕೋರ್ಸಿಗೆ ಕ್ಲ್ಯಾಟ್ ಪರೀಕ್ಷೆ ಬರೆಯಬೇಕು. ಹಣದ ಅಡಚಣೆಯಿಂದ ಒಂದೆರಡು ವರ್ಷ ಓದು ನಿಂತರೆ ಎದೆಗುಂದಬೇಡಿ. ಬಾಬಾಸಾಹೇಬರ ಓದೂ ಮೂರು ವರ್ಷ ನಿಂತಿತ್ತು.