ಆಲ್‌ಫ್ರೆಡ್ ಬಿನೆ (1857–1911): ಮಕ್ಕಳ ಬುದ್ಧಿಮಟ್ಟ ಪರೀಕ್ಷೆಯ ಮೂಲಪುರುಷ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಹಾಗೂ ಹೆಗ್ಗಡದೇವನಕೋಟೆ ತಾಲ್ಲೂಕುಗಳ ಪೋಷಕರು ತಮ್ಮ ಮಗುವಿಗೆ ಬೌದ್ಧಿಕ ವಿಕಲತೆಯ ಪ್ರಮಾಣಪತ್ರ ಕೋರಿ ಅರ್ಜಿ ಸಲ್ಲಿಸಿದಾಗ, ಮಗುವನ್ನು ಮನಶ್ಶಾಸ್ತ್ರಜ್ಞರ ಪರೀಕ್ಷೆಗೆ ಒಳಪಡಿಸಲಾಗುತ್ತದೆ. ಪರೀಕ್ಷೆ ಮಾಡಿಸಿದರೆ ಮಗುವಿಗೆ ಜೀವನಪರ್ಯಂತ ಹಣೆಪಟ್ಟಿ ಅಂಟಿಕೊಳ್ಳುತ್ತದೆಯೆಂಬ ಆತಂಕದಿಂದ ಹಿಂಜರಿಯುವ ಕುಟುಂಬಗಳೂ ಇವೆ. ಆದರೆ ಇಂತಹ ಪರೀಕ್ಷೆಯನ್ನು ಮೊದಲು ರೂಪಿಸಿದ ಫ್ರಾನ್ಸ್ ದೇಶದ ಆಲ್‌ಫ್ರೆಡ್ ಬಿನೆ ಅವರ ಉದ್ದೇಶವು ಇದಕ್ಕೆ ತದ್ವಿರುದ್ಧವಾಗಿತ್ತು. ಸಾರ್ವಜನಿಕರ ಮಾಹಿತಿಗಾಗಿ ಅವರ ಜೀವನವನ್ನು ಇಲ್ಲಿ ಸಂಕ್ಷಿಪ್ತವಾಗಿ ನೀಡಲಾಗಿದೆ.

ಜನನ ಮತ್ತು ವಿದ್ಯಾಭ್ಯಾಸ

ಬಿನೆ ಅವರು 1857ರ ಜುಲೈನಲ್ಲಿ ನೀಸ್ ನಗರದಲ್ಲಿ ಜನಿಸಿದರು. ತಂದೆ ವೈದ್ಯರು, ತಾಯಿ ಚಿತ್ರಕಲಾವಿದೆ. ತಂದೆತಾಯಿಗಳು ಬೇರ್ಪಟ್ಟ ಕಾರಣ ಅವರು ತಾಯಿಯ ಆಶ್ರಯದಲ್ಲಿ ಬೆಳೆದರು. 1878ರಲ್ಲಿ ಕಾನೂನು ಪದವಿ ಪಡೆದರೂ ಆ ವೃತ್ತಿಯಲ್ಲಿ ಮುಂದುವರಿಯಲಿಲ್ಲ. ಪ್ಯಾರಿಸ್‌ನ ರಾಷ್ಟ್ರೀಯ ಗ್ರಂಥಾಲಯದಲ್ಲಿ ಕುಳಿತು ಮನಶ್ಶಾಸ್ತ್ರದ ಗ್ರಂಥಗಳನ್ನು ಸ್ವಂತವಾಗಿ ಓದಿ, ಆ ವಿಷಯದಲ್ಲಿ ಪಾಂಡಿತ್ಯ ಸಂಪಾದಿಸಿದರು.

ತಪ್ಪಿನಿಂದ ದೊರೆತ ಪಾಠ

1883ರಲ್ಲಿ ಅವರು ಪ್ರಸಿದ್ಧ ನರರೋಗ ತಜ್ಞ ಶಾರ್ಕೊ ಅವರ ಸಾಲ್‌ಪೆಟ್ರಿಯೇರ್ ಆಸ್ಪತ್ರೆಯನ್ನು ಸೇರಿದರು. ಸಂಮೋಹನಕ್ಕೆ ಒಳಗಾದ ರೋಗಿಗಳ ಮೇಲೆ ಅಯಸ್ಕಾಂತವು ವಿಶೇಷ ಪರಿಣಾಮ ಬೀರುತ್ತದೆಯೆಂದು ಸಹೋದ್ಯೋಗಿಯೊಬ್ಬರೊಂದಿಗೆ ಪ್ರಕಟಿಸಿದರು. ಬೆಲ್ಜಿಯಂ ದೇಶದ ಡೆಲ್‌ಬೂಫ್ ಎಂಬ ವಿದ್ವಾಂಸರು ಇದನ್ನು ಪರಿಶೀಲಿಸಿ, ರೋಗಿಗಳು ಪರೀಕ್ಷಕರ ನಿರೀಕ್ಷೆಯನ್ನು ಅರಿತು ಅದರಂತೆ ವರ್ತಿಸುತ್ತಿದ್ದರೆಂದು ತೋರಿಸಿಕೊಟ್ಟರು. ಬಿನೆ ಅವರು ತಮ್ಮ ತಪ್ಪನ್ನು ಬಹಿರಂಗವಾಗಿ ಒಪ್ಪಿಕೊಂಡು 1890ರಲ್ಲಿ ಆಸ್ಪತ್ರೆಯನ್ನು ತೊರೆದರು. ಪರೀಕ್ಷಿಸುವವನ ಪೂರ್ವಗ್ರಹವು ಫಲಿತಾಂಶವನ್ನೇ ಕೆಡಿಸಬಲ್ಲದೆಂಬ ಎಚ್ಚರ ಅವರಲ್ಲಿ ಕೊನೆಯವರೆಗೂ ಉಳಿಯಿತು. ಮುಂದೆ ಶಾಲಾ ಮಕ್ಕಳ ತಲೆಯ ಅಳತೆಯಿಂದ ಬುದ್ಧಿಯನ್ನು ಅರಿಯಲು ಯತ್ನಿಸಿದಾಗಲೂ, ವ್ಯತ್ಯಾಸವು ಅತ್ಯಲ್ಪವೆಂದೂ ತಮ್ಮ ಅಳತೆಯಲ್ಲಿಯೇ ಪಕ್ಷಪಾತ ನುಸುಳಬಹುದೆಂದೂ ಕಂಡು ಆ ಮಾರ್ಗವನ್ನು ಕೈಬಿಟ್ಟರು.

ಮನೆಯೇ ಪ್ರಯೋಗಶಾಲೆ

1885ರಲ್ಲಿ ಮ್ಯಾಡಲೀನ್ ಹಾಗೂ 1887ರಲ್ಲಿ ಆಲಿಸ್ ಎಂಬ ಹೆಣ್ಣುಮಕ್ಕಳು ಅವರಿಗೆ ಜನಿಸಿದರು. ಇಬ್ಬರೂ ನಡೆಯಲು ಕಲಿತ ರೀತಿಯನ್ನು ಅವರು ಸೂಕ್ಷ್ಮವಾಗಿ ಗಮನಿಸಿ ದಾಖಲಿಸಿದರು. ಹಿರಿಯ ಮಗಳು ಆಸರೆ ಖಚಿತವಾದ ನಂತರವೇ ಹೆಜ್ಜೆಯಿಡುತ್ತಿದ್ದಳು. ಕಿರಿಯಳು ಬೀಳುವ ಚಿಂತೆಯಿಲ್ಲದೆ ತೂರಾಡುತ್ತಾ ಮುನ್ನುಗ್ಗುತ್ತಿದ್ದಳು. ಒಂದೇ ಮನೆಯ ಮಕ್ಕಳೂ ಬೇರೆ ಬೇರೆ ದಾರಿಯಲ್ಲಿ ಬೆಳೆಯುತ್ತಾರೆಂಬುದು ಅವರಿಗೆ ಇಲ್ಲಿ ಮನವರಿಕೆಯಾಯಿತು. 1891ರಲ್ಲಿ ಸೊರ್ಬಾನ್ ವಿಶ್ವವಿದ್ಯಾಲಯದ ಪ್ರಯೋಗಶಾಲೆಯನ್ನು ವೇತನವಿಲ್ಲದೆ ಸೇರಿ, 1894ರಲ್ಲಿ ಅದರ ನಿರ್ದೇಶಕರಾದರು.

1905ರ ಪರೀಕ್ಷೆ

ಫ್ರಾನ್ಸ್‌ನಲ್ಲಿ 1882ರಲ್ಲಿ ಪ್ರಾಥಮಿಕ ಶಿಕ್ಷಣ ಕಡ್ಡಾಯವಾದ ಮೇಲೆ, ಪಾಠವನ್ನು ಅನುಸರಿಸಲಾಗದ ಮಕ್ಕಳೂ ಶಾಲೆಗೆ ಬರತೊಡಗಿದರು. ಇಂತಹ ಮಕ್ಕಳನ್ನು ಗುರುತಿಸುವ ವಿಧಾನ ಕುರಿತು ಸಲಹೆ ನೀಡಲು ಶಿಕ್ಷಣ ಸಚಿವಾಲಯವು 1904ರಲ್ಲಿ ಆಯೋಗವನ್ನು ನೇಮಿಸಿತು. ಬಿನೆ ಅವರು ಅದರ ಸದಸ್ಯರಾಗಿದ್ದರು. ಕೇವಲ ಒಬ್ಬ ಶಿಕ್ಷಕರ ಅಥವಾ ವೈದ್ಯರ ಅಭಿಪ್ರಾಯದ ಮೇಲೆ ಮಗುವನ್ನು ಸಾಮಾನ್ಯ ಶಾಲೆಯಿಂದ ಹೊರಗಿಟ್ಟರೆ ಆ ಮಗುವಿಗೆ ಅನ್ಯಾಯವಾಗುವ ಸಂಭವವಿತ್ತು. ಆದುದರಿಂದ ಅವರು ವೈದ್ಯ ಥಿಯೋಡೋರ್ ಸಿಮೋನ್ ಅವರೊಡನೆ 1905ರಲ್ಲಿ 30 ಅಂಶಗಳ ಪರೀಕ್ಷೆಯನ್ನು ಸಿದ್ಧಪಡಿಸಿದರು. ಉರಿಯುವ ಬೆಂಕಿಕಡ್ಡಿಯನ್ನು ಕಣ್ಣಿನಿಂದ ಅನುಸರಿಸುವುದು ಮೊದಲ ಅಂಶ. ಹೆಸರಿಸಿದ ವಸ್ತುವನ್ನು ತೋರಿಸುವುದು, ಅಂಕಿಗಳನ್ನು ಪುನರುಚ್ಚರಿಸುವುದು, ತೂಕಗಳನ್ನು ಹೋಲಿಸುವುದು ಮುಂತಾದ ಕಠಿಣತರ ಅಂಶಗಳು ಅನುಕ್ರಮವಾಗಿ ಇದ್ದವು. 1908ರಲ್ಲಿ ಇವುಗಳನ್ನು ವಯಸ್ಸಿಗನುಗುಣವಾಗಿ ವಿಂಗಡಿಸಲಾಯಿತು. 1911ರಲ್ಲಿ ಮತ್ತೆ ಪರಿಷ್ಕರಿಸಲಾಯಿತು. ಪರೀಕ್ಷೆಯು ಶಾಂತವಾದ ಕೊಠಡಿಯಲ್ಲಿ ನಡೆಯಬೇಕು, ಪರೀಕ್ಷಕರು ಮಗುವಿನೊಂದಿಗೆ ಸ್ನೇಹದಿಂದ ವರ್ತಿಸಬೇಕು ಎಂಬುದು ಅವರ ಸೂಚನೆಯಾಗಿತ್ತು.

ಅಂಕವು ಮಗುವಿನ ಅಂದಿನ ಸ್ಥಿತಿಯನ್ನು ಮಾತ್ರ ತಿಳಿಸುತ್ತದೆಯೇ ಹೊರತು ಭವಿಷ್ಯವನ್ನಲ್ಲ ಎಂದು ಬಿನೆ ನಂಬಿದ್ದರು. ಬುದ್ಧಿಯು ಹೆಚ್ಚಲಾರದೆಂಬ ವಾದವನ್ನು ಅವರು 1909ರ ತಮ್ಮ ಗ್ರಂಥದಲ್ಲಿ ಬಲವಾಗಿ ವಿರೋಧಿಸಿದರು. ಹಿಂದುಳಿದ ಮಕ್ಕಳಲ್ಲಿ ಗಮನ ಮತ್ತು ಸ್ಮರಣೆಯನ್ನು ಬೆಳೆಸಲು, ಅಲುಗಾಡದೆ ನಿಲ್ಲುವುದು, ಕ್ಷಣಕಾಲ ಕಂಡ ವಸ್ತುಗಳನ್ನು ನೆನಪಿನಿಂದ ಹೇಳುವುದು ಮುಂತಾದ ಅಭ್ಯಾಸಗಳನ್ನು ಪ್ರೋತ್ಸಾಹಿಸಿದರು. 1911ರ ಅಕ್ಟೋಬರ್ 18ರಂದು, 54ನೆಯ ವಯಸ್ಸಿನಲ್ಲಿ ಪ್ಯಾರಿಸ್‌ನಲ್ಲಿ ನಿಧನರಾದರು.

ನಿಧನಾನಂತರ

1912ರಲ್ಲಿ ಜರ್ಮನಿಯ ವಿಲಿಯಂ ಸ್ಟರ್ನ್ ಅವರು ಬುದ್ಧಿಲಬ್ಧದ ಲೆಕ್ಕಾಚಾರವನ್ನು ಸೂಚಿಸಿದರು. ಅಮೆರಿಕದಲ್ಲಿ ಕೆಲವರು ಈ ಸಂಖ್ಯೆಯನ್ನು ಬದಲಾಗದ ಹುಟ್ಟುಗುಣವೆಂದು ಭಾವಿಸಿ, ಅನೇಕರನ್ನು ಸಮಾಜದಿಂದ ದೂರವಿಡಲು ಬಳಸಿದರು. ಸಹಾಯಕ್ಕಾಗಿ ರೂಪುಗೊಂಡ ಸಾಧನವು ಹೀಗೆ ದುರ್ಬಳಕೆಯೂ ಆಯಿತು.

ನಮ್ಮ ನಾಡಿಗೆ ಈ ಪರೀಕ್ಷೆಯನ್ನು ತಂದವರು ವಿ.ವಿ. ಕಾಮತ್ ಅವರು. ಅನ್ಯದೇಶದ ಮಕ್ಕಳಿಗಾಗಿ ಬರೆದ ಪ್ರಶ್ನೆಗಳು ಇಲ್ಲಿಯ ಮಕ್ಕಳಿಗೆ ಹಾಗೆಯೇ ಹೊಂದುವುದಿಲ್ಲವಾದ್ದರಿಂದ, ಧಾರವಾಡ ಭಾಗದ ಕನ್ನಡ ಮತ್ತು ಮರಾಠಿ ಭಾಷಿಕ ಮಕ್ಕಳ ಮೇಲೆ ಪ್ರಯೋಗಿಸಿ ಅದನ್ನು ಪರಿಷ್ಕರಿಸಿದರು. 1934ರಲ್ಲಿ ಪ್ರಬಂಧವೂ 1940ರಲ್ಲಿ ಗ್ರಂಥವೂ ಪ್ರಕಟವಾದವು. ಬಿನೆ–ಕಾಮತ್ ಪರೀಕ್ಷೆಯೆಂಬ ಹೆಸರಿನಲ್ಲಿ ಅದು ದಶಕಗಳ ಕಾಲ ದೇಶದಾದ್ಯಂತ ಬಳಕೆಯಾಗಿದೆ. ಶೈಶವದಿಂದಲೇ ಬೆಳವಣಿಗೆಯನ್ನು ಅಳೆಯುವ ಜೆ. ಭರತ್ ರಾಜ್ ಅವರ ಬೆಳವಣಿಗೆ ತಪಾಸಣಾ ಪರೀಕ್ಷೆಯು 1983ರಲ್ಲಿ ಮೈಸೂರಿನಿಂದ ಪ್ರಕಟವಾಯಿತು.

ಪೋಷಕರ ಗಮನಕ್ಕೆ

ಒಂದು ವರ್ಷ ತುಂಬಿದರೂ ಹೆಸರು ಕರೆದಾಗ ತಿರುಗದಿರುವುದು, ಒಂದೂವರೆ ವರ್ಷವಾದರೂ ನಡೆಯದಿರುವುದು, ಎರಡು ವರ್ಷವಾದರೂ ಎರಡು ಪದ ಜೋಡಿಸಿ ಮಾತನಾಡದಿರುವುದು ಕಂಡುಬಂದಲ್ಲಿ, ತಾನಾಗಿಯೇ ಸರಿಹೋಗುತ್ತದೆಯೆಂದು ಕಾಯದೆ ತಪಾಸಣೆ ಮಾಡಿಸತಕ್ಕದ್ದು. ಕಿವಿ ಕೇಳಿಸದ ಮಗುವೂ ಮಂದಮತಿಯಂತೆ ತೋರಬಹುದಾದ ಕಾರಣ ಶ್ರವಣ ಪರೀಕ್ಷೆ ಅತ್ಯವಶ್ಯ. ಐದು ವರ್ಷದೊಳಗಿನ ಮಗುವಿನಲ್ಲಿ ಸಾಮಾನ್ಯವಾಗಿ ಬೆಳವಣಿಗೆಯ ವಿಳಂಬವೆಂದಷ್ಟೇ ದಾಖಲಿಸಿ, ನಂತರ ಮರುಪರೀಕ್ಷೆ ನಡೆಸಲಾಗುತ್ತದೆ.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ವೈದ್ಯಕೀಯ ತಂಡಗಳು ಅಂಗನವಾಡಿಗಳಿಗೆ ಭೇಟಿ ನೀಡಿ ಮಕ್ಕಳನ್ನು ತಪಾಸಣೆ ಮಾಡುತ್ತವೆ. ಪೋಷಕರು ಅಂಗನವಾಡಿ ಕಾರ್ಯಕರ್ತೆ, ಆಶಾ ಕಾರ್ಯಕರ್ತೆ ಅಥವಾ ತಾಲ್ಲೂಕು ಆಸ್ಪತ್ರೆಯನ್ನು ಸಂಪರ್ಕಿಸಬಹುದು. ಮಾತು ಮತ್ತು ಶ್ರವಣಕ್ಕೆ ಸಂಬಂಧಿಸಿದ ಸಮಗ್ರ ಪರೀಕ್ಷೆಯು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಲಭ್ಯವಿದೆ. ವಿಕಲಚೇತನರ ಗುರುತಿನ ಚೀಟಿಯ ಅರ್ಜಿ ಸಲ್ಲಿಸಲು ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ನೆರವು ಪಡೆಯಬಹುದು. ಪರೀಕ್ಷೆಗೆ ಬರುವಾಗ ಮಗುವಿನ ದಿನನಿತ್ಯದ ನಡವಳಿಕೆಯನ್ನು ಬಲ್ಲ ತಾಯಿ ಅಥವಾ ಪಾಲಕರು ಜೊತೆಯಲ್ಲಿರುವುದು ಸೂಕ್ತ.