ನಾಯಕಿ ಪಂಡರಿಬಾಯಿ ತಾಯಿಯಾದದ್ದು

1954ರಲ್ಲಿ ‘ಬೇಡರ ಕಣ್ಣಪ್ಪ’ ತೆರೆಗೆ ಬಂದಾಗ ನಾಯಕ ರಾಜಕುಮಾರ್ ಹೊಸಬರು. ನಾಯಕಿ ಪಂಡರಿಬಾಯಿ ಆಗಲೇ ಹೆಸರು ಮಾಡಿದ್ದ ಕಲಾವಿದೆ. ಭಟ್ಕಳದಲ್ಲಿ ಹುಟ್ಟಿ, ಬಾಲ್ಯದಲ್ಲೇ ಹರಿಕಥೆ ಹೇಳುತ್ತಿದ್ದ ಆಕೆ 1943ರ ‘ವಾಣಿ’ಯಿಂದ ಚಿತ್ರರಂಗ ಪ್ರವೇಶಿಸಿದ್ದರು. ಶಿವಾಜಿ ಗಣೇಶನ್ ಅವರ ಮೊದಲ ಚಿತ್ರ ‘ಪರಾಶಕ್ತಿ’ಗೂ (1952) ಅವರೇ ನಾಯಕಿ. ‘ರಾಯರ ಸೊಸೆ’ಯಂಥ ಚಿತ್ರಗಳನ್ನು ನಿರ್ಮಿಸಿ, ಗಂಡಸರದೇ ಆಗಿದ್ದ ಆ ಕ್ಷೇತ್ರದಲ್ಲೂ ಕಾಲೂರಿದರು.

1965ರ ‘ಸತ್ಯ ಹರಿಶ್ಚಂದ್ರ’ದಲ್ಲಿ ರಾಜಕುಮಾರ್ ಹರಿಶ್ಚಂದ್ರ, ಪಂಡರಿಬಾಯಿ ಚಂದ್ರಮತಿ. ಹೆಚ್ಚು ಕಡಿಮೆ ಇಬ್ಬರದೂ ಒಂದೇ ವಯಸ್ಸು. ಆದರೆ ಚಿತ್ರರಂಗದ ಪಂಚಾಂಗದಲ್ಲಿ ಹೆಣ್ಣಿಗೆ ವರ್ಷಗಳು ಬೇಗ ಉರುಳುತ್ತವೆ. ತಮಿಳಿನಲ್ಲಂತೂ 1968ರ ‘ಕುಡಿಯಿರುಂದ ಕೋಯಿಲ್’ ಚಿತ್ರದಲ್ಲಿ, ತಮಗಿಂತ ಹತ್ತು ವರ್ಷಕ್ಕೂ ಹಿರಿಯರಾದ ಎಂ.ಜಿ.ಆರ್. ಅವರಿಗೇ ಆಕೆ ತಾಯಿ! ಮರುವರ್ಷ ‘ದೈವಮಗನ್’ನಲ್ಲಿ ಶಿವಾಜಿಯವರದು ತ್ರಿಪಾತ್ರ, ಪಂಡರಿಬಾಯಿ ಒಬ್ಬ ಶಿವಾಜಿಗೆ ಹೆಂಡತಿ, ಉಳಿದಿಬ್ಬರಿಗೆ ತಾಯಿ. ನಾಯಕನಿಗೆ ಮುಪ್ಪೂ ಯೌವನವೂ ಒಟ್ಟಿಗೇ ದಕ್ಕಿದವು. ನಾಯಕಿಗೆ ಉಳಿದದ್ದು ನರೆಗೂದಲು ಮಾತ್ರ.

1986ರಲ್ಲಿ ‘ಅನುರಾಗ ಅರಳಿತು’ ಬಂದಿತು. ಐವತ್ತೇಳರ ರಾಜಕುಮಾರ್ ಅವರಿಗೆ ಸುಮಾರು ಮೂರು ದಶಕ ಕಿರಿಯರಾದ ಮಾಧವಿ ನಾಯಕಿಯಾದರೆ, ಒಂದು ಕಾಲದ ಚಂದ್ರಮತಿ ಹಾಸಿಗೆ ಹಿಡಿದ ತಾಯಿ. ಪ್ರೇಕ್ಷಕರಿಗೆ ಇದರಲ್ಲಿ ಅಸಹಜವೇನೂ ಕಾಣಲಿಲ್ಲ. ಆ ಪಾತ್ರಕ್ಕೆ ಪಂಡರಿಬಾಯಿ ತುಂಬಿದ ಜೀವವೂ ಅದಕ್ಕೆ ಒಂದು ಕಾರಣವಿರಬೇಕು. 1992ರಲ್ಲಿ ಅದೇ ಕಥೆ ತಮಿಳು, ತೆಲುಗಿಗೆ ಹೋದಾಗ ನಾಯಕ, ನಾಯಕಿಯರು ಬದಲಾದರು. ತಾಯಿ ಮಾತ್ರ ಅವರೇ.

2000ದಲ್ಲಿ, ಎಪ್ಪತ್ತು ದಾಟಿದ ರಾಜಕುಮಾರ್ ‘ಶಬ್ದವೇಧಿ’ಯಲ್ಲಿ ಜಯಪ್ರದಾ ಅವರಿಗೆ ನಾಯಕರಾದರು. 2003ರ ಜನವರಿಯಲ್ಲಿ ಪಂಡರಿಬಾಯಿ ಚೆನ್ನೈನಲ್ಲಿ ನಿಧನರಾದರು.