ಹರಪನಹಳ್ಳಿಯ ಸಾಧ್ವಿ ಭೀಮವ್ವನವರು

ಕಾಗಿಣಾ ತೀರದ ಮಳಖೇಡದಲ್ಲಿ ಶ್ರೀ ಟೀಕಾಚಾರ್ಯರ ಆರಾಧನೆಗೆ ಪ್ರತಿ ಆಷಾಢ ಬಹುಳ ಪಂಚಮಿಯಂದು ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳಿಂದ ಕೂಡುವ ನಾವು ಪಂಡಿತರ ಮುಖದಿಂದ ಶಾಸ್ತ್ರವನ್ನು ಕೇಳುತ್ತೇವೆ. ಆದರೆ ಹರಿನಾಮವನ್ನು ನಮಗೆ ಮೊದಲು ಕಲಿಸಿದವರು ಮನೆಯ ಹಿರಿಯ ತಾಯಂದಿರು. ಆ ತಾಯಂದಿರ ಬಾಯಲ್ಲಿ ನೆಲೆಸಿದವರು ಹರಪನಹಳ್ಳಿಯ ಭೀಮವ್ವನವರು.

1823ರಲ್ಲಿ ಹೊಸಪೇಟೆ ಸೀಮೆಯ ನಾರಾಯಣದೇವರಕೆರೆಯಲ್ಲಿ ಜನಿಸಿದ ಇವರು ಶಾಲೆಯಲ್ಲಿ ಓದಿದವರಲ್ಲ. 11ನೆಯ ವಯಸ್ಸಿನಲ್ಲಿ, ತಮಗಿಂತ ಬಹು ಹಿರಿಯರಾದ ಹರಪನಹಳ್ಳಿಯ ಮುನಿಯಪ್ಪನವರೊಡನೆ ವಿವಾಹವಾಯಿತು. ಇಬ್ಬರು ಹೆಣ್ಣುಮಕ್ಕಳು ಜನಿಸಿದರು. 35ನೆಯ ವಯಸ್ಸಿಗೇ ವೈಧವ್ಯ ಪ್ರಾಪ್ತವಾಯಿತು. ಆದರೂ ಅವರ ಹರಿಭಕ್ತಿ ಕುಂದಲಿಲ್ಲ. ಸ್ವಪ್ನದಲ್ಲಿ ನಾರದರಿಂದ ಅಂಕಿತೋಪದೇಶವಾಯಿತೆಂದು ಸಂಪ್ರದಾಯ ಹೇಳುತ್ತದೆ. ಭೀಮೇಶಕೃಷ್ಣನ ಅಂಕಿತದಲ್ಲಿ ನಳಚರಿತ್ರೆ, ಮುಯ್ಯದ ಹಾಡು, ಆರತಿಯ ಹಾಡುಗಳು ಹೊರಹೊಮ್ಮಿದವು.

ಆ ಕಾಲದ ರೂಢಿಯಲ್ಲಿ ವಿಧವೆಗೆ ಹಸೆಯ ಬಳಿ ಸ್ಥಾನವಿರಲಿಲ್ಲ. ಆದರೆ ಆ ಹಸೆಯ ಮುಂದೆ ನಿಂತು ಮುತ್ತೈದೆಯರು ಹಾಡಿದ್ದು ಅವರ ಹಾಡನ್ನೇ! ಲೋಕವು ದೂರವಿರಿಸಿದವರನ್ನು ಭಗವಂತನು ಮಂಗಳಕಾರ್ಯದ ನಡುವೆಯೇ ನಿಲ್ಲಿಸಿದನು. 1903ರಲ್ಲಿ ಅವರು ಹರಿಪಾದವನ್ನು ಸೇರಿದರು.

ತಾಯಿಯಿಂದ ಮಗಳಿಗೆ, ಅತ್ತೆಯಿಂದ ಸೊಸೆಗೆ ಬಾಯಿಪಾಠವಾಗಿ ಬಂದ ಸಂಪತ್ತಿದು. ಪುಸ್ತಕದಲ್ಲಿ ಅಚ್ಚಾದ ಮಾತ್ರಕ್ಕೆ ಉಳಿಯದು. ನಮ್ಮ ಮಕ್ಕಳ ಕಂಠದಲ್ಲಿ ಉಳಿಯಬೇಕು. ಮನೆಯ ಹಿರಿಯರಿರುವಾಗಲೇ ಒಂದೊಂದು ಹಾಡನ್ನಾದರೂ ಕಲಿತುಕೊಳ್ಳೋಣ.

ಶ್ರೀಕೃಷ್ಣಾರ್ಪಣಮಸ್ತು.